ಟಾಮ್‌ಕ್ಯಾಟ್‌ನ ಹಿಂದಿನ ಸೀಟಿಗೆ ಒಬ್ಬ ಕ್ಲೀನರ್

ಅಪ್ಪ ಸಂಡೂರು ಕಡೆ ಅದಿರಿನ ಲಾರಿ ಓಡಿಸಿದವರು. ಕ್ಲೀನರ್ ಒಳ್ಳೆಯವನು ಸಿಕ್ಕರೆ ಅರ್ಧ ದಾರಿ ಅವನೇ ಓಡಿಸಿದಂಗೆ ಅನ್ನುತ್ತಿದ್ದರು. ಡಿಸಿಎಸ್ ವರ್ಲ್ಡ್ ಅನ್ನೋ ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟಕ್ಕೆ ಎಫ್-14 ಟಾಮ್‌ಕ್ಯಾಟ್ ಕೊಂಡ ಮೇಲೆ ಆ ಮಾತಿನ ಬೆಲೆ ಗೊತ್ತಾಯಿತು.

ಇದು ಎರಡು ಸೀಟಿನ ವಿಮಾನ. ಮುಂದೆ ಪೈಲಟ್, ಹಿಂದೆ ರೇಡಾರ್ ನೋಡಿಕೊಳ್ಳುವವನು. ಒಬ್ಬರೇ ಆಡಿದರೆ ಹಿಂದೆ ಕೂರುವುದು ಜೆಸ್ಟರ್ ಅನ್ನೋ ಕಂಪ್ಯೂಟರ್ ಆಳು. 2019ರಲ್ಲಿ ವಿಮಾನದ ಜೊತೆಗೇ ಬಂದವನು. ಹೊರಡುವ ಮೊದಲು ದಾರಿ ತೋರಿಸುವ ಯಂತ್ರವನ್ನು ಅವನೇ ಹೊಂದಿಸುತ್ತಾನೆ. ಅದಕ್ಕೆ ಕೆಲವು ನಿಮಿಷ ಬೇಕು. ಬಳ್ಳಾರಿಯ ಮೇ ತಿಂಗಳ ಸೆಕೆ ನೋಡಿ, ಆ ಹೊತ್ತಿನಲ್ಲಿ ನಾನು ಎದ್ದು ಹೋಗಿ ಒಂದು ಚೊಂಬು ಮಜ್ಜಿಗೆ ಕುಡಿದು ಬರುತ್ತೇನೆ.

ನನಗೆ ಜಾಸ್ತಿ ಹಿಡಿಸಿದ್ದು ಅವನಿಗೆ ಎಲ್ಲವೂ ಗೊತ್ತಿರುವುದಿಲ್ಲ ಅನ್ನೋದು. ಹಳೆಯ ಆಟಗಳಲ್ಲಿ ಹಿಂದಿನ ಗನ್ನರ್‌ಗೆ ಮೋಡದಾಚೆ ಇರುವವನೂ ಕಾಣುತ್ತಿದ್ದ. ಜೆಸ್ಟರ್ ಹಂಗಲ್ಲ. ಶತ್ರು ನಮಗೆ ಅಡ್ಡಲಾಗಿ ಹಾರಿದರೆ, ಹತ್ತಿರ ಬರುವ ಇಲ್ಲಾ ದೂರ ಹೋಗುವ ವೇಗ ನೋಡಿ ಗುರುತಿಸುವ ಡಾಪ್ಲರ್ ರೇಡಾರಿನಿಂದ ಮಾಯವಾಗುತ್ತಾನೆ. ಆಗ ಜೆಸ್ಟರ್ ಕೂಡ ಹುಡುಕಾಡಬೇಕು.

ಹೋದ ವಾರ ನಲವತ್ತು ಮೈಲಿ ದೂರದಿಂದ ಫೀನಿಕ್ಸ್ ಕ್ಷಿಪಣಿ ಬಿಟ್ಟೆ. ಗೆದ್ದೆ ಅಂದುಕೊಂಡು ಜೋರಾಗಿ ಎಡಕ್ಕೆ ತಿರುಗಿಸಿದೆ. ಕ್ಷಿಪಣಿಗೆ ಗುರಿ ತೋರಿಸುವ ರೇಡಾರ್ ವಿಮಾನದ ಮೂಗಿನಿಂದ ಪಕ್ಕಕ್ಕೆ 65 ಡಿಗ್ರಿವರೆಗೆ ಮಾತ್ರ ನೋಡುತ್ತದೆ. ಗುರಿ ತಪ್ಪಿತು. ತಪ್ಪು ನನ್ನದೇ, ಆದರೂ ಜೆಸ್ಟರ್‌ಗೆ ಬೈದೆ. ಪಕ್ಕದ ಕೋಣೆಯಿಂದ ಅಪ್ಪ, "ಯಾರಿಗೋ ಬೈಯಾಕತ್ತಿ?" ಅಂದರು. ಕ್ಲೀನರ್‌ಗೆ ಅಂದೆ.

ಕೊರತೆ ಇಲ್ಲದಿಲ್ಲ. ಅವನಿಗೆ ಏನಾದರೂ ಹೇಳಬೇಕು ಅಂದ್ರೆ ಚಕ್ರದಂಥ ಮೆನು ತೆರೆದು ಆರಿಸಬೇಕು. ನೇರ ಹಾರುವಾಗ ಸರಿ. ಹಿಂದೆ ಮಿಗ್ ಬಿದ್ದಿರುವಾಗ, ಒಂದು ಕೈ ಜಾಯ್‌ಸ್ಟಿಕ್, ಇನ್ನೊಂದು ಥ್ರಾಟಲ್ ಹಿಡಿದಿರುವಾಗ ಮೆನುವಿನೊಳಗೆ ಮೆನು ತಡಕುವುದು ಯಾರಿಗೆ ಬೇಕು ಹೇಳಿ? ಲಾರಿ ಕ್ಲೀನರ್‌ಗೆ "ಹಿಂದೆ ನೋಡೋ" ಅಂದರೆ ಸಾಕು, ಅಲ್ವಾ? ಮಾತೂ ಸ್ವಲ್ಪ ಕಡಿಮೆ ಮಾಡಬಹುದಿತ್ತು. ಅದೇ ಜೋಕು ಹತ್ತನೇ ಸಲ ಕೇಳಿದಾಗ ನಗು ಬರುವುದಿಲ್ಲ.

ಇದೇ ಆಟದ ಮಿ-24 ಹೆಲಿಕಾಪ್ಟರ್‌ನಲ್ಲಿ ಪೆಟ್ರೋವಿಚ್ ಅನ್ನೋ ಇಂಥದೇ ಕಂಪ್ಯೂಟರ್ ಆಳು ಇದ್ದಾನೆ. ಅವನು ಕೂರುವುದು ಮುಂದೆ. ಗುರಿಗಳ ಪಟ್ಟಿ ಕೊಡುತ್ತಾನೆ, ನೀವು ಒಂದನ್ನು ಆರಿಸಿದರೆ ಮುಗಿಯಿತು. ಹೊಸಬರಿಗೆ ಅದು ಸುಲಭ. ನನಗೆ ಮಾತ್ರ ಜೆಸ್ಟರೇ ಇರಲಿ.

ಕೊಳ್ಳುವವರು ಸೇಲ್ ಬರುವವರೆಗೆ ಕಾಯಿರಿ. ಉಳಿದ ದುಡ್ಡಿಗೆ ರ‍್ಯಾಮ್ 32 ಜಿಬಿ ಮಾಡಿಸಿ, ಒಂದು ಯುಪಿಎಸ್ ಕೂಡ ತನ್ನಿ. ನಮ್ಮೂರಲ್ಲಿ ಕರೆಂಟ್ ಹೋಗುವುದು ಇಳಿಯುವ ಹೊತ್ತಿಗೇ.