ಸಿಂಗಪುರದ ‘ಸೆಟ್ಲಿಂಗ್ ಇನ್’ ತರಬೇತಿ: ಮನೆಯಲ್ಲೇ ಉಳಿದು ದುಡಿಯುವವರಿಗೆ ಎಷ್ಟು ಉಪಯುಕ್ತ?

ಸಿಂಗಪುರಕ್ಕೆ ಮೊದಲ ಬಾರಿ ಮನೆಕೆಲಸಕ್ಕೆಂದು ಬರುವ ಪ್ರತಿಯೊಬ್ಬ ವಿದೇಶಿ ಮಹಿಳೆಯೂ ‘ಸೆಟ್ಲಿಂಗ್ ಇನ್ ಪ್ರೋಗ್ರಾಂ’ ಎಂಬ ಒಂದು ದಿನದ ತರಬೇತಿಗೆ ಹಾಜರಾಗುವುದು ಕಡ್ಡಾಯ. 2012ರಲ್ಲಿ ಆರಂಭವಾದ ಈ ತರಬೇತಿಯ ಶುಲ್ಕವನ್ನು ಕೆಲಸಕ್ಕಿಟ್ಟುಕೊಂಡವರೇ ಭರಿಸಬೇಕು. ನಮ್ಮ ಅತ್ತೆಯವರ ಆರೈಕೆಗೆ ತಮಿಳುನಾಡಿನಿಂದ ಬಂದ ಅಕ್ಕ ಅಲ್ಲಿ ಕಲಿತದ್ದು ನಮ್ಮ ಮನೆಯಲ್ಲಿ ಬಳಕೆಗೆ ಬಂದ ಬಗೆಯನ್ನು ಕಂಡು ಈ ವಿಮರ್ಶೆ ಬರೆಯುತ್ತಿದ್ದೇನೆ.

ಮನೆಯವರೊಂದಿಗೆ ಹೊಂದಿಕೊಂಡು ಹೋಗುವುದನ್ನು ಬರಿಯ ವಿಧೇಯತೆಯ ಪಾಠವಾಗಿಸದೆ, ಕೆಲಸದ ಷರತ್ತು, ಸುರಕ್ಷತೆ ಮತ್ತು ಮನಸ್ಸಿನ ಒತ್ತಡದ ನಿರ್ವಹಣೆಯೊಡನೆ ಸೇರಿಸಿ ಹೇಳಿಕೊಡುವುದೇ ಇದರ ದೊಡ್ಡ ಗುಣ. ಎತ್ತರದ ಫ್ಲ್ಯಾಟುಗಳಲ್ಲಿ ಕಿಟಕಿಯ ಹೊರಮೈ ಒರೆಸುವಾಗ ಕೆಲಸದವರು ಬಿದ್ದು ಸತ್ತ ಊರಿದು. ಆದ್ದರಿಂದ ಗ್ರಿಲ್ಲಿಗೆ ಬೀಗ ಹಾಕಿರಬೇಕು, ಮನೆಯ ದೊಡ್ಡವರೊಬ್ಬರು ಎದುರಿಗಿರಬೇಕು ಎಂಬ ನಿಯಮವಿದೆ. “ಮೇಡಂ, ನೀವು ಬಂದು ನಿಂತರೆ ಒರೆಸುತ್ತೇನೆ” ಎಂದು ಅಕ್ಕ ಸಂಕೋಚವಿಲ್ಲದೆ ಹೇಳಿದಾಗ, ಹೀಗೆ ಕೇಳುವುದು ಎದುರು ಮಾತಲ್ಲ ಎಂಬ ಧೈರ್ಯ ಅವರಲ್ಲಿ ಮೂಡಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ವಾರದ ರಜೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. 2013ರಿಂದ ವಾರಕ್ಕೊಂದು ರಜೆಯ ಹಕ್ಕಿದ್ದರೂ ಅದರ ಬದಲು ಹಣ ಕೊಡಲು ಅವಕಾಶವಿತ್ತು. 2023ರಿಂದ ತಿಂಗಳಿಗೆ ಕನಿಷ್ಠ ಒಂದು ರಜೆಯನ್ನು ಕೊಡಲೇಬೇಕು, ಅದನ್ನು ಹಣಕ್ಕೆ ಬದಲಾಯಿಸುವಂತಿಲ್ಲ. ನಮ್ಮವರ ಮನೆಗಳಲ್ಲಿ ‘ಅವಳೂ ಮನೆಯವಳೇ’ ಎಂಬ ಪ್ರೀತಿಯ ಮಾತು ಎಷ್ಟೋ ಸಲ ಈ ರಜೆಯನ್ನೇ ನುಂಗಿಬಿಡುತ್ತದೆ. ಪಾಸ್‌ಪೋರ್ಟನ್ನು ‘ಜೋಪಾನ’ವಾಗಿ ತೆಗೆದಿಡುವುದೂ ಇಂಥದ್ದೇ, ಅದು ಕೆಲಸದವರ ಕೈಯಲ್ಲೇ ಇರಬೇಕಾದದ್ದು.

ಕೊರತೆಯೆಂದರೆ, ಊರು ಬಿಟ್ಟು ಬಂದ ಆಯಾಸ ಆರುವ ಮೊದಲೇ ಒಂದೇ ದಿನದಲ್ಲಿ ಇಷ್ಟನ್ನೂ ತುಂಬಿಕೊಳ್ಳಬೇಕು. ಮನೆಯವರಿಗೆ ಸುಮಾರು ಮೂರು ಗಂಟೆಯ ಬೇರೆಯೇ ತರಬೇತಿಯಿದೆ, ಅದೂ ಮುಖ್ಯವಾಗಿ ಮೊದಲ ಬಾರಿ ಕೆಲಸಕ್ಕೆ ಇಟ್ಟುಕೊಳ್ಳುವವರಿಗೆ ಕಡ್ಡಾಯ. ಇಬ್ಬರೂ ಒಟ್ಟಿಗೆ ಕುಳಿತು ಮಾತಾಡುವ ಒಂದು ಗಂಟೆಯಾದರೂ ಇರಬೇಕಿತ್ತು. ರಾತ್ರಿ ಅತ್ತೆಯವರಿಗಾಗಿ ಎದ್ದರೆ ಮರುದಿನದ ವಿಶ್ರಾಂತಿ ಯಾವಾಗ, ಊರಿಗೆ ಫೋನ್ ಮಾಡುವ ಹೊತ್ತು ಯಾವುದು, ಸಸ್ಯಾಹಾರಿಗಳಾದ ನಮ್ಮ ಮನೆಯಲ್ಲಿ ಮೀನು ತಿಂದು ಬೆಳೆದ ಅಕ್ಕನ ಊಟ ಹೇಗೆ ಎಂಬುದನ್ನೆಲ್ಲ ನಾವೇ ಕುಳಿತು ಮಾತಾಡಿ, ತಮಿಳಿನಲ್ಲೂ ಬರೆದಿಟ್ಟುಕೊಂಡೆವು. ಹಿಂದೆ ಕೆಲಸದವರನ್ನು ಇಟ್ಟುಕೊಂಡು ಅನುಭವವಿರುವ ಮನೆಯವರೂ, ಕಡ್ಡಾಯವಿಲ್ಲದಿದ್ದರೂ, 2023ರ ಬದಲಾವಣೆಯ ನಂತರದ ನಿಯಮಗಳನ್ನು ಕೆಲಸದವರು ಬರುವ ಮೊದಲೇ ಓದಿಕೊಂಡರೆ ಈ ಮಾತುಕತೆ ಸುಲಭವಾಗುತ್ತದೆ.