ಸೂರ್ಯನ ಕುದುರೆಗೆ ನಯವಾದ ಮುಚ್ಚಳ ಆಗದು

ಎಂಟು ವರ್ಷದ ಮೊಮ್ಮಗಳಿಗೆಂದು ತರಿಸಿದ ಕೀಟ ವೀಕ್ಷಣೆಯ ಪೆಟ್ಟಿಗೆಯನ್ನು ಮೂರು ತಿಂಗಳು ಬಳಸಿದ್ದೇವೆ. ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಒಂದು ಕಳೆದದ್ದು ಮುಚ್ಚಳಕ್ಕೆ, ಇನ್ನೊಂದು ಪುಸ್ತಿಕೆಗೆ.

ಪೆಟ್ಟಿಗೆಯಲ್ಲಿ ಇರುವುದು ಎತ್ತರದ ಪಾರದರ್ಶಕ ಡಬ್ಬಿ, ಭೂತಗನ್ನಡಿ, ಚಿಮುಟ, ಡ್ರಾಪರ್ ಮತ್ತು ಹದಿನಾರು ಪುಟದ ಪುಸ್ತಿಕೆ. ಹುಳವನ್ನು ನಾವೇ ಹಿಡಿದು ತರಬೇಕು. ಅದು ಒಳ್ಳೆಯದೇ, ಹುಡುಕುವುದರಲ್ಲೇ ಅರ್ಧ ಪಾಠ ಆಗಿಹೋಗುತ್ತದೆ. ಹೂಗಿಡದ ಮುಂದೆ ಅರ್ಧ ಗಂಟೆ ಕುಕ್ಕರುಗಾಲಿನಲ್ಲಿ ಕುಳಿತ ಮೇಲೆ, ಹಸಿರು ಕಡ್ಡಿಯೆಂದುಕೊಂಡದ್ದು ತಲೆ ತಿರುಗಿಸಿ ನಮ್ಮನ್ನೇ ನೋಡಿತು. ಅದೇ ಸೂರ್ಯನ ಕುದುರೆ, ಇಂಗ್ಲಿಷಿನ ಪ್ರೇಯಿಂಗ್ ಮ್ಯಾಂಟಿಸ್. ಮೊಮ್ಮಗಳು ಕಿರುಚಿದಳು. ನಾನೂ ಸ್ವಲ್ಪ ಕಿರುಚಿದೆ.

ಪುಸ್ತಿಕೆಯ ಮುಖಪುಟದಲ್ಲಿ ‘ಪ್ರಾರ್ಥಿಸುವ ಮಿಡತೆ’ ಎಂದು ದೊಡ್ಡದಾಗಿ ಅಚ್ಚಾಗಿದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳಿಗೆ ಇದು ಹಲ್ಲಿಗೆ ಸಿಕ್ಕ ಕಲ್ಲು. ಸೂರ್ಯನ ಕುದುರೆ ಮಿಡತೆಯೇ ಅಲ್ಲ. ಹೆಚ್ಚಿನ ಮಿಡತೆಗಳು ಎಲೆ ಮೇಯುತ್ತವೆ, ಇದು ಬೇಟೆಗಾರ. ಹತ್ತಿರದ ನೆಂಟರು ಜಿರಳೆ ಮತ್ತು ಗೆದ್ದಲು. ಹೇಳಿದಾಗ ಮೊಮ್ಮಗಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಜಿರಳೆ ಇದಕ್ಕೆ ಚಿಕ್ಕಪ್ಪನಾ ಅಜ್ಜಿ?” ಎಂದಳು. ದೂರದ ಚಿಕ್ಕಪ್ಪ ಎಂದೆ. ಇನ್ನು ಕೈಮುಗಿದಂತೆ ಕಾಣುವ ಆ ಮುಂಗಾಲುಗಳಲ್ಲಿ ಭಕ್ತಿಯ ಲವಲೇಶವೂ ಇಲ್ಲ. ಒಳಬದಿಗೆ ಗರಗಸದ ಹಲ್ಲಿನಂಥ ಮುಳ್ಳುಗಳಿವೆ. ಡಬ್ಬಿಗೆ ನೊಣ ಬಿಟ್ಟರೆ ಮೊದಲು ಏನೂ ಆಗುವುದಿಲ್ಲ. ಗಾಳಿಗೆ ಎಲೆ ತೂಗಿದಂತೆ ಅದು ಮೈಯನ್ನು ಅತ್ತಿತ್ತ ಆಡಿಸುತ್ತದೆ, ಅಷ್ಟೇ. ಆಮೇಲೆ ನೋಡಿದರೆ ನೊಣ ಮುಂಗಾಲುಗಳ ನಡುವೆ ಇರುತ್ತದೆ. ಹಿಡಿದ ಗಳಿಗೆಯನ್ನು ನಾವಿಬ್ಬರೂ ಒಮ್ಮೆಯೂ ಕಾಣಲಿಲ್ಲ. ಊಟ ಮುಗಿದ ಮೇಲೆ ಬೆಕ್ಕಿನ ಹಾಗೆ ಕಾಲು ನೆಕ್ಕಿಕೊಂಡು ಶುಚಿ ಮಾಡಿಕೊಳ್ಳುತ್ತದೆ.

ಈಗ ಮುಚ್ಚಳದ ವಿಷಯ. ಅದು ನುಣ್ಣನೆಯ ಪ್ಲಾಸ್ಟಿಕ್ಕು, ಗಾಳಿಗೆಂದು ನಾಲ್ಕು ತೂತು. ಈ ಹುಳಕ್ಕೆ ಕಂಬಳಿಹುಳದಂತೆ ಗೂಡು ಕಟ್ಟಿ ಚಿಟ್ಟೆಯಾಗುವ ಘಟ್ಟವಿಲ್ಲ. ಮರಿಯೇ ಪುಟಾಣಿ ಸೂರ್ಯನ ಕುದುರೆ, ರೆಕ್ಕೆ ಮಾತ್ರ ಇರುವುದಿಲ್ಲ. ಮೈ ದೊಡ್ಡದಾದಂತೆ ಹಳೆಯ ಚರ್ಮ ಬಿಗಿಯಾಗುತ್ತದೆ, ಆಗ ತಲೆಕೆಳಗಾಗಿ ನೇತುಬಿದ್ದು ಪೊರೆ ಕಳಚಬೇಕು. ನಮ್ಮ ಮೊದಲನೆಯದು ಊಟ ಬಿಟ್ಟು ಮಂಕಾದಾಗ ಕಾಯಿಲೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಅದು ತಳದಲ್ಲಿ ಬಿದ್ದಿತ್ತು. ಅರ್ಧ ಪೊರೆ ಬಾಲಕ್ಕೆ ಅಂಟಿತ್ತು, ಕಾಲುಗಳು ಸೊಟ್ಟಗೆ ಬಾಗಿ ಹಾಗೆಯೇ ಗಟ್ಟಿಯಾಗಿದ್ದವು. ನುಣ್ಣನೆಯ ಮುಚ್ಚಳದಲ್ಲಿ ಉಗುರು ಊರಿ ನೇತಾಡುವುದಕ್ಕೆ ಹಿಡಿತವೇ ಇರಲಿಲ್ಲ. ಎರಡು ದಿನ ಬದುಕಿತು. ‘ಊಟ ಬಿಟ್ಟರೆ ಮುಟ್ಟಬೇಡಿ, ಪೊರೆ ಬಿಡುವ ಹೊತ್ತು’ ಎಂಬ ಒಂದು ಸಾಲು ಪುಸ್ತಿಕೆಯಲ್ಲಿ ಇದ್ದಿದ್ದರೆ ಸಾಕಿತ್ತು.

ಎರಡನೆಯದನ್ನು ತರುವ ಮೊದಲು ಮುಚ್ಚಳದ ನಡುಭಾಗ ಕತ್ತರಿಸಿ ಹಳೆಯ ಸೊಳ್ಳೆಪರದೆಯ ತುಂಡು ಹೊಲಿದೆ. ಅದು ಪೊರೆ ಬಿಟ್ಟದ್ದನ್ನು ಪೂರ್ತಿ ನೋಡಿದೆವು. ಬೆನ್ನ ಮೇಲೆ ಚರ್ಮ ಬಿರಿಯಿತು. ತಲೆ ಕೆಳಗೆ ಜಾರಿತು. ಆಮೇಲೆ ಕಾಲುಗಳು ಒಂದೊಂದಾಗಿ, ಒದ್ದೆ ಕಾಲುಚೀಲದಿಂದ ಎಳೆದುಕೊಂಡಂತೆ, ಹೊರಗೆ ಬಂದವು. ಬಾಲದ ತುದಿಯೊಂದರಲ್ಲೇ ಜೋತುಬಿದ್ದು ಅದು ಅಲುಗಾಡದೆ ನಿಂತುಬಿಟ್ಟಿತು. ಮೊಮ್ಮಗಳು ಉಸಿರು ಬಿಗಿಹಿಡಿದಿದ್ದಳು. ಕೊನೆಗೆ ಮೇಲಕ್ಕೆ ಬಾಗಿ ತನ್ನದೇ ಪೊರೆಯನ್ನು ಹಿಡಿದುಕೊಂಡಿತು. ಬೆನ್ನಿನಲ್ಲಿ ಮುದುಡಿದ್ದ ರೆಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ರೆಕ್ಕೆ ಬಂತೆಂದರೆ ಅದೇ ಕೊನೆಯ ಪೊರೆ.

ಭೂತಗನ್ನಡಿಯ ಮೇಲೆ ಮಾತ್ರ ನನ್ನ ದೂರಿಲ್ಲ. ಎರಡು ದೊಡ್ಡ ಕಣ್ಣುಗಳ ನಡುವೆ ಇರುವ ಮೂರು ಚಿಕ್ಕ ಕಣ್ಣುಗಳೂ ಸ್ಪಷ್ಟವಾಗಿ ಕಾಣುತ್ತವೆ. ದೊಡ್ಡ ಕಣ್ಣಿನಲ್ಲೊಂದು ಕಪ್ಪು ಚುಕ್ಕೆಯಿದೆ, ನೀವು ಎತ್ತ ಸರಿದರೂ ಅದು ನಿಮ್ಮತ್ತಲೇ ಸರಿಯುತ್ತದೆ. ಪುಸ್ತಿಕೆ ಅದನ್ನು ‘ಪಾಪೆ’ ಎನ್ನುತ್ತದೆ, ತಪ್ಪು. ಆ ದೊಡ್ಡ ಕಣ್ಣು ಆಗಿರುವುದೇ ಸಾವಿರಾರು ಪುಟ್ಟ ಕಣ್ಣುಗಳಿಂದ, ಅವುಗಳಲ್ಲಿ ನಮಗೆ ನೇರವಾಗಿರುವವು ಬೆಳಕನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತವೆ, ಅಷ್ಟೇ. ‘ಹೆಣ್ಣು ಯಾವಾಗಲೂ ಗಂಡನ್ನು ತಿನ್ನುತ್ತದೆ’ ಎಂಬುದೂ ಉತ್ಪ್ರೇಕ್ಷೆ. ಎಷ್ಟೋ ಗಂಡುಗಳು ಬದುಕಿ ಹೋಗುತ್ತವೆ. ಇಷ್ಟೆಲ್ಲ ಬರೆದವರು, ಮಕ್ಕಳು ಕುಣಿದಾಡುವ ಸಂಗತಿಯನ್ನೇ ಬಿಟ್ಟಿದ್ದಾರೆ. ಇವುಗಳಿಗೆ ನಮ್ಮಂತೆಯೇ ಎರಡು ಕಣ್ಣುಗಳನ್ನೂ ಬಳಸಿ ದೂರ ಅಳೆಯುವ ಶಕ್ತಿ ಇದೆ. ಅದನ್ನು ಪರೀಕ್ಷಿಸಲು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಜೇನುಮೇಣದಿಂದ ಪುಟಾಣಿ ತ್ರೀಡಿ ಕನ್ನಡಕ ಅಂಟಿಸಿ, ಪರದೆಯ ಮೇಲೆ ಸುಳ್ಳು ಬೇಟೆಯನ್ನು ತೋರಿಸಿದ್ದರು. 2016ರಲ್ಲಿ ಪ್ರಕಟವಾದ ಪ್ರಯೋಗ ಅದು. ಎದುರಿಗೆ ಏನೂ ಇಲ್ಲದಿದ್ದರೂ ಹುಳ ಗಾಳಿಗೆ ಕೈ ಬೀಸಿತ್ತು.

ಕೊಳ್ಳುವವರಿಗೆ ಎರಡು ಮಾತು. ಒಂದು ಡಬ್ಬಿಗೆ ಒಂದೇ ಹುಳ. ಎರಡು ಹಾಕಿದರೆ ಬೇಗ ಒಂದೇ ಉಳಿಯುತ್ತದೆ. ಬಟ್ಟಲಿನಲ್ಲಿ ನೀರಿಡುವ ಬದಲು ಡ್ರಾಪರ್‌ನಿಂದ ಗೋಡೆಗೆ ನಾಲ್ಕು ಹನಿ ಹಾಕಿ, ಅಲ್ಲಿಂದಲೇ ಕುಡಿಯುತ್ತದೆ. ಚಿಮುಟವನ್ನು ನಾನು ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ.

ರೆಕ್ಕೆ ಬಂದದ್ದನ್ನು ಹಿಡಿದಿದ್ದ ಗಿಡಕ್ಕೇ ಬಿಟ್ಟೆವು. ಮುಖಪುಟದ ‘ಮಿಡತೆ’ಯನ್ನು ಮೊಮ್ಮಗಳು ಕೆಂಪು ಪೆನ್ನಿನಿಂದ ಹೊಡೆದು ಹಾಕಿದ್ದಾಳೆ, ಪಕ್ಕದಲ್ಲಿ ‘ಕುದುರೆ’ ಎಂದು ಬರೆದು, ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದಾಳೆ.