ಸೀಗಲ್ ಮರಿ ನೋಡೋಕೆ 8×42 ಬೈನಾಕ್ಯುಲರ್: ಒಂದು ಸೀಸನ್ ಆದ್ಮೇಲೆ

ಒಂದು ಇಡೀ ಸೀಸನ್ ಈ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಗಾಜು 42 ಮಿ.ಮೀ. ಅಗಲ ಇರೋ) ಬೈನಾಕ್ಯುಲರ್ ಕೊರಳಿಗೆ ಹಾಕ್ಕೊಂಡು ಹೆರಿಂಗ್ ಗಲ್ ಅನ್ನೋ ಜಾತಿಯ ಸೀಗಲ್‌ಗಳು ಗೂಡು ಮಾಡೋ ಜಾಗದ ಎದುರು ಕೂತಿದ್ದೆ. 10× ತಗೋ ಅಂತ ತುಂಬಾ ಜನ ಹೇಳಿದ್ರು, ನಾನು ಕೇಳ್ಲಿಲ್ಲ, ಒಳ್ಳೇದೇ ಆಯ್ತು, ಕಡಲ ಗಾಳಿಗೆ ಕೈ ಸ್ವಲ್ಪ ಅಲ್ಲಾಡಿದ್ರೂ 10×ನಲ್ಲಿ ಮರಿ ಕುಣಿದಂಗೆ ಕಾಣತ್ತೆ, 8×ನಲ್ಲಿ ಅಷ್ಟು ತೊಂದ್ರೆ ಇಲ್ಲ, ಮೇಲಾಗಿ ಅಗಲವಾಗಿ ಕಾಣೋದ್ರಿಂದ ಗೂಡು, ಪಕ್ಕದ ಗೂಡು, ಮಧ್ಯ ಓಡೋ ಮರಿ ಎಲ್ಲಾ ಒಟ್ಟಿಗೇ ಸಿಗತ್ತೆ.

ಈ ಅಗಲ ಬೇಕೇ ಬೇಕು. ಹುಟ್ಟಿ ಎರಡು ಮೂರು ದಿನಕ್ಕೆಲ್ಲಾ ಮರಿಗಳು ಗೂಡಿಂದಾಚೆ ಬಂದು ಹುಲ್ಲಲ್ಲಿ ಓಡಾಡ್ತವೆ, ದೊಡ್ಡೋರು ಗಾಬರಿಯಿಂದ ಕೂಗಿದ್ರೆ ಸಾಕು, ಇದ್ದಲ್ಲೇ ನೆಲಕ್ಕೆ ಅಂಟಿ ಕೂತ್ಬಿಡ್ತವೆ, ಆ ಕರಿ ಚುಕ್ಕೆಯ ಬೂದು ತುಪ್ಪಳ ಕಲ್ಲೋ ಮರಿಯೋ ಹೇಳೋಕಾಗಲ್ಲ.

ನಂಗೆ ತುಂಬಾ ಇಷ್ಟ ಆಗಿದ್ದು ಊಟದ ಹೊತ್ತು. ಅಮ್ಮನೋ ಅಪ್ಪನೋ ಬಂದು ಇಳಿದ ಕೂಡ್ಲೇ ಮರಿ ಕತ್ತು ಚಾಚಿ ಅವರ ಹಳದಿ ಕೊಕ್ಕಿನ ಕೆಳಭಾಗದಲ್ಲಿರೋ ಕೆಂಪು ಚುಕ್ಕೆನ ಟಕ್ ಟಕ್ ಅಂತ ಕುಟ್ಟತ್ತೆ, ಆಮೇಲೆ ದೊಡ್ಡದು ಬಗ್ಗಿ ನುಂಗಿದ್ದ ಮೀನನ್ನ ಕಕ್ಕಿ ಮುಂದಿಡತ್ತೆ. ವಿಜ್ಞಾನಿ ನೀಕೊ ಟಿನ್‌ಬರ್ಗನ್ ರಟ್ಟಿನಲ್ಲಿ ಸೀಗಲ್ ತಲೆಗಳನ್ನ ಮಾಡಿ ಮರಿಗಳ ಮುಂದೆ ಹಿಡಿದು ಪರೀಕ್ಷೆ ಮಾಡಿದ್ದು ಇದನ್ನೇ, ಪ್ರಾಣಿಗಳ ನಡವಳಿಕೆ ಬಗ್ಗೆ ಮಾಡಿದ ಕೆಲಸಕ್ಕೆ 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಆ ಚುಕ್ಕೆ ಈ ಲೆನ್ಸಲ್ಲಿ ಕುಂಕುಮ ಇಟ್ಟಷ್ಟು ಸ್ಪಷ್ಟ, ಮೋಡ ಕವಿದ ಬೆಳಗಲ್ಲೂ ಬಣ್ಣ ಮಂಕಾಗ್ಲಿಲ್ಲ.

ಐದನೇ ವಾರ ಹೊತ್ತಿಗೆ ಕಂದು ಗರಿ ಬಂದಿರತ್ತೆ, ಗಾಳಿಗೆ ಎದುರು ನಿಂತು ರೆಕ್ಕೆ ಬಡೀತಾ ಒಂದಡಿ ಮೇಲೆ ಹಾರಿ ಹಾರಿ ಇಳೀತವೆ. ಆಗ ಫೋಕಸ್ ಬೇಗ ಬೇಗ ಬದಲಾಯಿಸ್ಬೇಕು, ಇದರ ಚಕ್ರ ಸ್ವಲ್ಪ ಬಿಗಿ, ಎರಡು ಮೂರು ಸಲ ಹಕ್ಕಿ ತಪ್ಪಿಹೋಯ್ತು. ಎಡಗಡೆ ಕಣ್ಣಿನ ರಬ್ಬರ್ ಕೂಡ ಒಂದೇ ತಿಂಗಳಿಗೆ ಸಡಿಲ ಆಯ್ತು, ಬೇಜಾರಾಯ್ತು. ವಾಟರ್‌ಪ್ರೂಫ್ ಮಾತ್ರ ನಿಜ, ಆದ್ರೆ ಗಾಜಿನ ಮೇಲೆ ಉಪ್ಪುನೀರು ಒಣಗಿದ್ರೆ ಹಾಗೇ ಒರೆಸ್ಬೇಡಿ, ಗೀಚು ಬೀಳತ್ತೆ, ಮೊದ್ಲು ಸಿಹಿನೀರಲ್ಲಿ ತೊಳೀರಿ.

ದಯವಿಟ್ಟು ದೂರದಿಂದಲೇ ನೋಡಿ. ಒಬ್ಬರು ಮೊಬೈಲ್ ಹಿಡ್ಕೊಂಡು ಗೂಡುಗಳ ಮಧ್ಯೆ ನಡೆದ್ರು, ಹೆದರಿದ ಒಂದು ಮರಿ ಪಕ್ಕದ ಜೋಡಿಯ ಜಾಗಕ್ಕೆ ಓಡ್ತು, ಆ ದೊಡ್ಡ ಹಕ್ಕಿ ಅದರ ತಲೆಗೇ ಕುಕ್ಕಿ ಕುಕ್ಕಿ ಸಾಯಿಸ್ತು. ನಾನು ಅದನ್ನ ಇದೇ ಬೈನಾಕ್ಯುಲರಲ್ಲಿ ನೋಡ್ದೆ, ಆಮೇಲೆ ಅವತ್ತು ಅದನ್ನ ಮತ್ತೆ ಕಣ್ಣಿಗೆ ಹಿಡೀಲಿಲ್ಲ.